ಕೇಳದೆ ಕಲಿಸಿದ್ದಕ್ಕೆ

ನನ್ನ ತಮ್ಮನನ್ನು ನಾನು ಕುರ್ಚಿಗೆ ಕಟ್ಟಿಹಾಕಿದೆ ಎಂಬುದು ಸುಳ್ಳು. ಕಟ್ಟಿದ್ದು ಒಂದು ಕಾಲನ್ನು ಮಾತ್ರ. ಅದೂ ನನ್ನ ಸ್ಕಾರ್ಫಿನಿಂದ, ಸಡಿಲವಾಗಿ, ಅವನು ಪದೇಪದೇ ಎದ್ದು ಓಡುತ್ತಿದ್ದ ಎಂಬ ಕಾರಣಕ್ಕೆ. ಆದರೆ ನಮ್ಮ ಬಳಗದಲ್ಲಿ ಕಡ್ಡಿ ಗುಡ್ಡವಾಗಲು ಹೆಚ್ಚು ಹೊತ್ತು ಬೇಕಿಲ್ಲ. ಬೆಳಿಗ್ಗೆ ಅಡುಗೆಮನೆಯಲ್ಲಿ ಹೊರಟ ಮಾತು ಕಾರ್ಯಾಗಾರಕ್ಕೆ ಬಂದು ಮುಟ್ಟುವಷ್ಟರಲ್ಲಿ ನಾನು ಅವನ ಕೈಕಾಲು ಹಗ್ಗದಿಂದ ಬಿಗಿದು ಬಾಯಿಗೆ ಬಟ್ಟೆ ತುರುಕಿದ್ದೆ. ಬಾಯಿಗೆ ಬಟ್ಟೆ ತುರುಕಿದರೆ ಓದಿಸುವುದು ಹೇಗೆ ಎಂದು ಒಬ್ಬರೂ ಯೋಚಿಸಲಿಲ್ಲ.

ಸಭೆಯ ಕೋಣೆಯ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಕೆಂಪು ಬಟ್ಟೆ ಎಂದರೆ ಯಾರ ಮೇಲೋ ದೂರು ಬಂದಿದೆ, ಊಟವಾದ ಕೂಡಲೇ ಎಲ್ಲರೂ ಸೇರಬೇಕು ಎಂದರ್ಥ. ಈ ಸಲ ಯಾರ ಮೇಲೆ ಎಂದು ನಾನು ವಿಚಾರಿಸಬೇಕಾಗಿರಲಿಲ್ಲ. ತಟ್ಟೆ ಹಿಡಿದು ಕೂತ ಕಡೆ ಅಕ್ಕಪಕ್ಕದವರು ಮೆಲ್ಲಗೆ ಜರುಗಿದರು, ನನಗೇನೋ ಅಂಟುರೋಗ ಬಂದಿದೆ ಎಂಬಂತೆ.

ನನ್ನ ಮೇಲಿದ್ದದ್ದು ಬಲವಂತದ ಆರೋಪ. ನಮ್ಮಲ್ಲಿ ಕದ್ದವರಿಗೆ ಕ್ಷಮೆ ಇದೆ. ಸುಳ್ಳು ಹೇಳಿದವರನ್ನು ಕೂರಿಸಿಕೊಂಡು, ಯಾವ ಭಯಕ್ಕೆ ಹೇಳಿದೆ ಎಂದು ತಲೆ ಸವರುತ್ತಾರೆ. ಬಲವಂತ ಹಾಗಲ್ಲ. ಅದಕ್ಕಿಂತ ದೊಡ್ಡ ಪಾಪ ನಮ್ಮ ಬಳಗದಲ್ಲಿ ಇನ್ನೊಂದಿಲ್ಲ.

ಬಳಗ ಎಂದೆ. ಶಾಲೆ ಎನ್ನುವ ಹಾಗಿಲ್ಲ. ಯಾರಾದರೂ ಬಾಯಿತಪ್ಪಿ ಶಾಲೆ ಎಂದರೆ ಚಿಕ್ಕವರೆಲ್ಲ ಕಿವಿ ಮುಚ್ಚಿಕೊಳ್ಳುತ್ತಾರೆ. ಹಿಂದೆ ಇದು ನೂಲಿನ ಗೋದಾಮಾಗಿತ್ತಂತೆ. ಕಿಟಕಿಗಳು ಕೈಗೆ ಸಿಗದಷ್ಟು ಎತ್ತರ, ಸಿಮೆಂಟಿನ ನೆಲ, ತೊಲೆಗಳ ಮೇಲೆ ಪಾರಿವಾಳ. ಒಂದು ಕಡೆ ಕಾರ್ಯಾಗಾರ, ಒಂದು ಕಡೆ ಬಣ್ಣದ ಕೋಣೆ, ಪುಸ್ತಕದ ಕೋಣೆ, ಅಡುಗೆಮನೆ, ನಡುವೆ ಕುರ್ಚಿಯೇ ಇಲ್ಲದ ಸಭೆಯ ಕೋಣೆ. ತರಗತಿ ಇಲ್ಲ, ಗಂಟೆ ಇಲ್ಲ, ಪರೀಕ್ಷೆ ಇಲ್ಲ, ಮೇಷ್ಟ್ರು ಇಲ್ಲ. ದೊಡ್ಡವರಿಗೆ ಜೊತೆಗಾರರು ಎಂದು ಹೆಸರು. ಯಾರು ಏನು ಕಲಿಯಬೇಕೋ ಅವರವರೇ ಆರಿಸಿಕೊಳ್ಳಬೇಕು. ಒಬ್ಬ ಹುಡುಗ ಎಷ್ಟೋ ತಿಂಗಳಿಂದ ಒಂದೇ ಮೋಟರನ್ನು ಬಿಚ್ಚುತ್ತಾನೆ, ಜೋಡಿಸುತ್ತಾನೆ, ಅದು ತಿರುಗಿದರೆ ಬೇಜಾರಾಗಿ ಮತ್ತೆ ಬಿಚ್ಚುತ್ತಾನೆ. ಇಬ್ಬರು ಹುಡುಗಿಯರು ಇರುವೆಗಳಿಗಾಗಿ ಹೋಟೆಲು ನಡೆಸುತ್ತಾರೆ. ಗಿರಾಕಿಗಳಿಗೆ ಏನು ರುಚಿಸಿತು ಎಂದು ದಿನಾ ನಮಗೆಲ್ಲ ವರದಿ ಕೊಡುತ್ತಾರೆ. ನನ್ನ ಮೇಲೆ ದೂರು ಕೊಟ್ಟವರೂ ಇವರೇ. ಇರುವೆಗಳ ಹಿಂದೆ ಹೋಗುತ್ತ ಹೋಗುತ್ತ ಉಗ್ರಾಣದ ಹಿಂಬದಿಗೆ ಬಂದು ನಮ್ಮನ್ನು ನೋಡಿದ್ದರು.

ಹೆಬ್ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ, ಒಂದೊಂದು ಅಕ್ಷರ ಮೊಳದುದ್ದ ಇರುವ ಹಾಗೆ ನಮ್ಮ ನಿಯಮ ಬರೆದಿದೆ: ಕೇಳಿದವರಿಗೆ ಕಲಿಸೋಣ, ಕೇಳದವರಿಗಾಗಿ ಕಾಯೋಣ. ಅದರ ಕೆಳಗೆ ನನ್ನ ತಮ್ಮ ಐದನೇ ವಯಸ್ಸಿನಿಂದ ದಿನಾ ಓಡಾಡಿದ್ದಾನೆ. ಈಗ ಅವನಿಗೆ ಒಂಬತ್ತು. ಅಲ್ಲಿ ಬರೆದಿರುವುದು ಏನೆಂದು ಅವನಿಗೆ ಬಾಯಿಪಾಠ ಬರುತ್ತದೆ. ಓದಲು ಬರುವುದಿಲ್ಲ.

ಅವನನ್ನು ಎಲ್ಲರೂ ಬುಗುರಿ ಎನ್ನುತ್ತಾರೆ. ಒಂದು ಕಡೆ ನಿಂತವನಲ್ಲ. ನನ್ನನ್ನು ಸಿಡುಕಿ ಎನ್ನುತ್ತಾರೆ. ಯಾಕೆಂದು ನಾನು ಬೇರೆ ಹೇಳಬೇಕಿಲ್ಲ. ಬುಗುರಿ ಬಳಗದ ಕಣ್ಮಣಿ. ಹೊರಗಿನಿಂದ ಬಳಗವನ್ನು ನೋಡಲು ಬರುವವರು ಬಹಳ. ಬಂದವರನ್ನು ದೊಡ್ಡಮ್ಮ ಮೊದಲು ಕರೆದುಕೊಂಡು ಹೋಗುವುದು ಅವನ ಹತ್ತಿರ.

ದೊಡ್ಡಮ್ಮ ಎಂದರೆ ಈ ಬಳಗ ಕಟ್ಟಿದವರು. ನಮಗೆ ರಕ್ತಸಂಬಂಧವಿಲ್ಲ, ಆದರೂ ಎಲ್ಲರಿಗೂ ದೊಡ್ಡಮ್ಮ. ಕತ್ತರಿಸಿದ ಬಿಳಿ ಕೂದಲು, ಬಣ್ಣದ ಕಲೆಗಳ ಅಂಗಿ. ಮಕ್ಕಳ ಜೊತೆ ಮಾತಾಡುವಾಗ ಮಂಡಿಯೂರಿ ಅವರ ಕಣ್ಣಿನ ಮಟ್ಟಕ್ಕೆ ಇಳಿಯುತ್ತಾರೆ. ಒಂದು ದಿನವೂ ದನಿ ಏರಿಸಿದವರಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಆದರೆ ಅವರ ಪ್ರತಿ ಮಾತೂ ಪ್ರಶ್ನೆಯಲ್ಲೇ ಮುಗಿಯುತ್ತದೆ. ಅದಕ್ಕಿಂತ ಎರಡು ಬೈದರೆ ವಾಸಿ. ನಾನು ಬಂದ ಹೊಸದರಲ್ಲಿ ಯಾರ ಜೊತೆಯೋ ಜಗಳವಾಡಿ ಬುಸುಗುಡುತ್ತಿದ್ದಾಗ ನನ್ನ ಮುಂದೆ ಮಂಡಿಯೂರಿ, "ಸಿಟ್ಟು ಮೈಯಲ್ಲಿ ಎಲ್ಲಿದೆ ನೋಡ್ಕೊಳ್ತೀಯಾ ಮಗು?" ಎಂದಿದ್ದರು. ಅಲ್ಲಿಯವರೆಗೆ ಮೂಗಿನ ತುದಿಯಲ್ಲಿತ್ತು. ಆ ಪ್ರಶ್ನೆ ಕೇಳಿದ ಮೇಲೆ ಮೈಯೆಲ್ಲ ಹರಡಿತು.

ಬಂದವರಿಗೆ ಅವರು ಹೇಳುತ್ತಿದ್ದದ್ದು ಹೀಗೆ: "ಈ ಮಗುಗೆ ಇನ್ನೂ ಒಂದಕ್ಷರ ಓದೋಕೆ ಬರಲ್ಲ. ನಾವು ಅವಸರ ಮಾಡಿಲ್ಲ. ಆದ್ರೆ ಇವನು ಏನೇನು ಮಾಡ್ತಾನೆ ನೋಡಿ." ಬುಗುರಿ ಅವರ ಮುಂದೆ ಹಳೇ ರೇಡಿಯೋ ಬಿಚ್ಚಿ ಜೋಡಿಸುತ್ತಿದ್ದ. ಹಕ್ಕಿಯ ಕೂಗು ಕೇಳಿ ಅದು ಗಂಡೋ ಹೆಣ್ಣೋ ಹೇಳುತ್ತಿದ್ದ. ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಅವರ ಮಕ್ಕಳಿಗೆ ಮಾತ್ರ ಮನೆಯಲ್ಲಿ ಮೂರನೇ ವಯಸ್ಸಿಗೇ ಅಕ್ಷರ ತಿದ್ದಿಸಿರುತ್ತಾರೆ, ನಾನು ಬರೆದುಕೊಡುತ್ತೇನೆ.

ನಾನು ಹುಟ್ಟಿದಾಗಿನಿಂದ ಇಲ್ಲಿದ್ದವಳಲ್ಲ. ಹತ್ತು ವರ್ಷದವರೆಗೆ ಮಾಮೂಲಿ ಶಾಲೆಗೆ ಹೋದೆ. ಅಲ್ಲಿ ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಒಂದು ದಿನ ಊದಿದ ಕೈ ನೋಡಿ ಅಮ್ಮ ಅತ್ತಳು, ವಾರದೊಳಗೆ ನನ್ನನ್ನೂ ತಮ್ಮನನ್ನೂ ಇಲ್ಲಿಗೆ ತಂದು ಸೇರಿಸಿದಳು. ಆ ಶಾಲೆಯನ್ನು ಹೊಗಳುವಷ್ಟು ಬುದ್ಧಿ ಕೆಟ್ಟಿಲ್ಲ ನನಗೆ. ಆದರೆ ಓದಲು ಬರುತ್ತದಲ್ಲ, ಅದು ಅಲ್ಲಿಂದಲೇ ತಂದದ್ದು. ಇಲ್ಲಿ ಪುಸ್ತಕದ ಕೋಣೆಯಲ್ಲಿ ನಾನು ದಿನಗಟ್ಟಲೆ ಬಿದ್ದುಕೊಂಡಿದ್ದರೆ, ತಾನೇ ತಾನಾಗಿ ಅರಳಿದ ಮಗು ಎಂದು ಹೊರಗಿನವರಿಗೆ ನನ್ನನ್ನೂ ತೋರಿಸಿದ್ದಾರೆ.

ಬುಗುರಿಗೆ ಓದು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಗೊತ್ತಿರಲಿಲ್ಲ ಕೂಡ. ಅವನು ಯಾವುದಾದರೂ ಪುಸ್ತಕ ತಂದು, "ನೀನೇ ಓದಕ್ಕ, ನಿನ್ನ ದನಿ ಚೆನ್ನಾಗಿದೆ" ಎನ್ನುತ್ತಿದ್ದ. ನಾನು ಉಬ್ಬಿ ಓದುತ್ತಿದ್ದೆ. ಒಂದೆರಡು ಸಲ ಕೇಳಿದ್ದನ್ನು ಅವನು ಪುಟ ತಿರುಗಿಸುತ್ತ ತಾನೇ ಓದಿದ ಹಾಗೆ ಒಪ್ಪಿಸುತ್ತಿದ್ದ. ಪುಟ ತಿರುಗಿಸುವ ಜಾಗವೂ ತಪ್ಪುತ್ತಿರಲಿಲ್ಲ. ಅಲ್ಪಸ್ವಲ್ಪ ಬರುತ್ತದೆ, ಮಿಕ್ಕಿದ್ದು ಬರುತ್ತದೆ ಬಿಡು ಎಂದುಕೊಂಡಿದ್ದೆ.

ಆಮೇಲೆ ಅವನ ಕೈ ಸುಟ್ಟಿತು.

ಕಾರ್ಯಾಗಾರದಲ್ಲಿ ಸೋಪು ಮಾಡುತ್ತಿದ್ದರು. ಕಾರ್ಯಾಗಾರ ನೋಡಿಕೊಳ್ಳುವ ಜೊತೆಗಾರನಿಗೆ ನಾವು ಸುತ್ತಿಗೆ ಮಾಮ ಎನ್ನುತ್ತೇವೆ. ಮಾತು ಕಡಿಮೆ, ಬಡಿಯುವುದು ಹೆಚ್ಚು. ಮಾಮ ಒಲೆಯ ಹತ್ತಿರ ನಿಂತು, ಕಪಾಟಿನಿಂದ ಒಂದು ಹಿಡಿ ಉಪ್ಪು ತಾ ಎಂದು ಬುಗುರಿಗೆ ಹೇಳಿದ. ಕಪಾಟಿನಲ್ಲಿ ಒಂದೇ ಥರದ ಎರಡು ಬಿಳಿ ಡಬ್ಬಿಗಳು. ಒಂದರ ಮೇಲೆ ಉಪ್ಪು ಎಂದು ಬರೆದಿದೆ. ಇನ್ನೊಂದರ ಮೇಲೆ ಕಾಸ್ಟಿಕ್ ಸೋಡಾ, ಕೈಯಿಂದ ಮುಟ್ಟಬೇಡಿ ಎಂದು, ಅದೂ ಕೆಂಪು ಅಕ್ಷರದಲ್ಲಿ. ಬುಗುರಿ ಎರಡನ್ನೂ ತೆರೆದು ನೋಡಿದ. ಎರಡೂ ಬೆಳ್ಳಗಿದ್ದವು. ಉಪ್ಪು ಯಾವುದೆಂದು ಕೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಕೇಳಲಿಲ್ಲ. ಆಗತಾನೇ ತೊಳೆದು ಒದ್ದೆಯಾಗಿದ್ದ ಕೈಯನ್ನು ತಪ್ಪು ಡಬ್ಬಿಯೊಳಗೆ ಹಾಕಿ ಒಂದು ಹಿಡಿ ತೆಗೆದ.

ಅವನ ಕೂಗು ಪುಸ್ತಕದ ಕೋಣೆಗೆ ಕೇಳಿತು. ನಾನು ಓಡಿ ಬಂದಾಗ ಸುತ್ತಿಗೆ ಮಾಮ ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದಿದ್ದ. ಬಲಗೈ ಅಂಗೈ, ಎರಡು ಬೆರಳು. ಚರ್ಮ ಸುಲಿದು ಬಂದಿತ್ತು. ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಎಷ್ಟೋ ಜನರ ಗಾಯ ನೋಡಿದವಳು, ಮಗನ ಕೈಯ ಕಟ್ಟು ಬಿಚ್ಚಿ ನೋಡುವಾಗ ಮುಖ ಆಚೆ ತಿರುಗಿಸಿದಳು.

ಮರುದಿನ ಸಭೆ ಸೇರಿತು. ಇನ್ನಾದರೂ ಯಾರೋ ಒಬ್ಬರು ಬಾಯಿ ಬಿಡುತ್ತಾರೆ, ಈ ಹುಡುಗನಿಗೆ ನಾಲ್ಕಕ್ಷರ ಕಲಿಸೋಣ ಎನ್ನುತ್ತಾರೆ ಎಂದು ನಾನು ಕಾದು ಕೂತಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ. ಅಲ್ಲಿ ಬ್ಯಾಂಡೇಜು ಸುತ್ತಿಕೊಂಡು ಎಲ್ಲರ ಮುಂದೆ ಕೂತಿದ್ದಾನೆ. ದೊಡ್ಡಮ್ಮ ಕಣ್ಣೀರು ಒರೆಸಿಕೊಂಡರು, ನಿಜವಾದ ಕಣ್ಣೀರೇ. ಆಮೇಲೆ ಕೇಳಿದರು: "ಓದೋಕೆ ಬರದೇ ಇರೋರಿಗೂ ಈ ಜಾಗ ಸುರಕ್ಷಿತವಾಗಿರಬೇಕು ಅಲ್ವಾ?" ಎಲ್ಲರೂ ಹೌದು ಎಂದರು. ಹಾಗಾಗಿ ಇನ್ನು ಮುಂದೆ ಎಲ್ಲ ಡಬ್ಬಿಗಳ ಮೇಲೂ ಚಿತ್ರ ಅಂಟಿಸುವುದು ಎಂದು ತೀರ್ಮಾನವಾಯಿತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇದೆ. ಇವರು ದಿಡ್ಡಿ ಬಾಗಿಲನ್ನೂ ಹಾಕಲಿಲ್ಲ, ಅದರ ಮೇಲೆ ಚಿತ್ರ ಬರೆದರು. ಕಾಸ್ಟಿಕ್ ಡಬ್ಬಿಗೆ ತಲೆಬುರುಡೆ, ಉಪ್ಪಿಗೆ ಊಟದ ತಟ್ಟೆ, ಸೀಮೆಎಣ್ಣೆಗೆ ಬೆಂಕಿ. ಅಷ್ಟಕ್ಕೇ ಬಿಟ್ಟಿದ್ದರೆ ಸರಿ. ಸ್ವಿಚ್ಚುಗಳಿಗೆ ಚಿತ್ರ, ಬೀರುಗಳಿಗೆ ಚಿತ್ರ, ಪುಸ್ತಕದ ಕಪಾಟಿಗೂ ಚಿತ್ರ. ಇದನ್ನೆಲ್ಲ ಬಿಡಿಸಿದವರು ಯಾರು ಅಂದುಕೊಂಡಿರಿ. ಬುಗುರಿ. ಬಲಗೈಗೆ ಬ್ಯಾಂಡೇಜಿದ್ದದ್ದರಿಂದ ಎಡಗೈಯಲ್ಲಿ. ಎಡಗೈಯಲ್ಲೂ ಇಷ್ಟು ಚೆನ್ನಾಗಿ ಬಿಡಿಸುತ್ತಾನಲ್ಲ ಎಂದು ಮುಂದಿನ ವಾರ ಬಂದವರು ಅದಕ್ಕೂ ಚಪ್ಪಾಳೆ ತಟ್ಟಿದರು. ಅವನು ಓದು ಕಲಿಯಬೇಕಾದ ಕೊನೆಯ ಕಾರಣವನ್ನೂ ಅವನ ಕೈಯಿಂದಲೇ ಅಳಿಸಿದರು. ನನಗೆ ಆ ಬಣ್ಣದ ಡಬ್ಬಿಗಳನ್ನೆಲ್ಲ ಎತ್ತಿ ಹೆಬ್ಬಾಗಿಲಿಗೆ ಎಸೆಯುವಷ್ಟು ಸಿಟ್ಟು ಬಂದಿತ್ತು.

ಅಂದು ಸಂಜೆ ಅಮ್ಮನಿಗೆ ಹೇಳಿದೆ. ಅವಳು ಡ್ಯೂಟಿಗೆ ಹೊರಡುತ್ತಿದ್ದಳು.

"ಅವರು ಎಷ್ಟೊಂದು ಮಕ್ಕಳನ್ನ ನೋಡಿದಾರೆ ಕಣೇ. ಹನ್ನೊಂದು ವರ್ಷಕ್ಕೆ ಓದೋಕೆ ಶುರು ಮಾಡಿದವರೂ ಇದಾರಂತೆ."

"ಹನ್ನೊಂದರವರೆಗೆ ಎಷ್ಟು ಕೈ ಸುಟ್ಕೋಬೇಕಮ್ಮ?"

"ನಿನ್ನ ಹಾಗೆ ಹೊಡೆಸ್ಕೊಂಡು ಕಲಿಯೋದು ಬೇಡ ಅವನು."

"ಹೊಡೆಯೋದಕ್ಕೂ ಸುಮ್ನೆ ನೋಡ್ತಾ ಕೂರೋದಕ್ಕೂ ನಡುವೆ ಏನೂ ಇಲ್ವಾ ಪ್ರಪಂಚದಲ್ಲಿ?"

ಅಮ್ಮ ಚಪ್ಪಲಿ ಹಾಕಿಕೊಳ್ಳುತ್ತ, "ನಂಗೆ ಬಸ್ಸು ತಪ್ಪುತ್ತೆ, ಕಿರುಚಬೇಡ" ಎಂದಳು. ನಾನು ಕಿರುಚುತ್ತಿದ್ದೇನೆ ಎಂಬುದು ಆಗಲೇ ನನಗೆ ಗೊತ್ತಾದದ್ದು.

ಹಾಗಾಗಿ ನಾನೇ ಶುರುಮಾಡಿದೆ. ಉಗ್ರಾಣದ ಹಿಂದೆ ಮುರಿದ ಕುರ್ಚಿಗಳನ್ನು ಒಟ್ಟಿರುವ ಜಾಗವಿದೆ. ಅಲ್ಲಿಗೆ ಅವನನ್ನು ಎಳೆದುಕೊಂಡು ಹೋಗಿ ಕೂರಿಸಿದೆ. ಮೊದಲ ದಿನ ಉಪ್ಪು ಎಂಬ ಪದ. ಅವನು ಕುಣಿದ, ಅತ್ತ, ಗೋಡೆ ಹಾರಿದ, ನನ್ನ ಮುಂಗೈ ಕಚ್ಚಿದ. ನಾನು ಮೊಟಕಿದೆ. ಒಂದು ವಾರ ಇದೇ ರಾಮಾಯಣ. ಕೊನೆಗೆ ಸ್ಕಾರ್ಫು ತಂದೆ. ಆದರೆ ಒಂದು ವಿಷಯ ನನಗೆ ಆಗಲೇ ವಿಚಿತ್ರವಾಗಿ ಕಂಡಿತ್ತು. ಓಡಿಹೋದವನು ದೂರ ಹೋಗುತ್ತಿರಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ನಿಂತು, ನಾನು ಹಿಂದೆ ಬರುತ್ತಿದ್ದೇನೋ ಇಲ್ಲವೋ ಎಂದು ತಿರುಗಿ ನೋಡುತ್ತಿದ್ದ.

ಇಷ್ಟು ನಡೆದಿತ್ತು, ಬಾಗಿಲಿಗೆ ಕೆಂಪು ಬಟ್ಟೆ ಬಿತ್ತು.

ಸಭೆಯಲ್ಲಿ ಎಲ್ಲರೂ ನೆಲದ ಮೇಲೆ ಸುತ್ತ ಕೂರುತ್ತೇವೆ. ಆರು ವರ್ಷದವರಿಗೂ ಅರವತ್ತು ವರ್ಷದವರಿಗೂ ಒಂದೊಂದೇ ಮತ. ನಡೆಸುವವರು ಮಕ್ಕಳೇ. ಆ ತಿಂಗಳ ಸರದಿ ನಾವು ವಕೀಲೆ ಎಂದು ಕರೆಯುವ ಹುಡುಗಿಯದು. ಹನ್ನೆರಡು ವರ್ಷ, ಮೂಗಿನ ಮೇಲೆ ಕನ್ನಡಕ, ಹಲ್ಲುಜ್ಜುವಾಗಲೂ ಅಡ್ಡಪ್ರಶ್ನೆ ಹಾಕುವವಳು. ಇರುವೆ ಹೋಟೆಲಿನವರು ತಾವು ಕಂಡದ್ದನ್ನು ಕಣ್ಣೀರು ಸಮೇತ ವಿವರಿಸಿದರು. ವಕೀಲೆ ನನ್ನ ಕಡೆ ತಿರುಗಿದಳು.

"ಅವನು ಕೇಳಿದ್ನಾ, ಕಲಿಸು ಅಂತ?"

"ಇಲ್ಲ."

"ಬೇಡ ಅಂದ್ನಾ?"

"ಅಂದ. ಕಚ್ಚಿದ ಕೂಡ. ಇಲ್ಲಿ ನೋಡು."

"ಮತ್ತೆ ಯಾಕೆ ಕಲಿಸಿದೆ?"

"ಯಾಕಂದ್ರೆ ಇಲ್ಲಿ ನಲವತ್ತು ಜನ ಇದೀರಿ, ಒಬ್ಬರೂ ಕಲಿಸಲಿಲ್ಲ. ಅವನ ಕೈ ಬೆಂದಾಗ ಎಲ್ಲಾರೂ ಅತ್ರಿ. ಅತ್ತು ಅತ್ತು ಡಬ್ಬಿಗೆ ಚಿತ್ರ ಅಂಟಿಸಿದ್ರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ ಈಗ ನನ್ನನ್ನ ಕೂರಿಸಿದೀರಿ. ಊರಿನ ಔಷಧಿ ಅಂಗಡೀಲಿ ಎಲ್ಲ ಬಾಟ್ಲಿ ಮೇಲೂ ಹೋಗಿ ತಲೆಬುರುಡೆ ಬರೆದು ಬರ್ತೀರಾ?"

ದೊಡ್ಡಮ್ಮ ಬೆಲ್ಲದಂಥ ದನಿಯಲ್ಲಿ, "ಇಷ್ಟೊಂದು ಭಯ ನಿನಗೆ ಎಲ್ಲಿಂದ ಬಂತು ಮಗು?" ಎಂದರು. ನಾನು ಉತ್ತರ ಕೊಟ್ಟಿದ್ದರೆ ಇನ್ನೊಂದು ಕೆಂಪು ಬಟ್ಟೆ ಬೇಕಾಗುತ್ತಿತ್ತು.

ವಕೀಲೆ ಬುಗುರಿಯನ್ನು ಕೇಳಿದಳು. ಅವನು ಎದ್ದು ನಿಂತು, ಒಂದನ್ನೂ ಬಿಡದೆ ಹೇಳಿದ. "ಅಕ್ಕ ಬಲವಂತ ಮಾಡಿದ್ಲು. ಕಾಲು ಕಟ್ಟಿದ್ಲು. ಮೊಟಕಿದ್ಲು. ಕತ್ತೆ ಅಂದ್ಲು." ಕತ್ತೆ ಅಂದದ್ದನ್ನು ನಾನು ಮರೆತೇಬಿಟ್ಟಿದ್ದೆ. ತಪ್ಪು ನಡೆದಿದೆ ಎನ್ನುವವರು ಕೈ ಎತ್ತಿ ಎಂದಾಗ ಎಲ್ಲ ಕೈಗಳೂ ಮೇಲೆದ್ದವು. ನಾನೂ ಎತ್ತಿದೆ. ನಡೆದದ್ದಂತೂ ಹೌದಲ್ಲ.

ಆಮೇಲಿನದು ಪರಿಹಾರ. ನಮ್ಮಲ್ಲಿ ಶಿಕ್ಷೆ ಎಂಬ ಪದವಿಲ್ಲ. ಯಾರಿಗೆ ಅನ್ಯಾಯವಾಗಿದೆಯೋ ಅವರೇ ಪರಿಹಾರ ಹೇಳಬೇಕು, ಮಾಡಿದವರು ಅದನ್ನು ನಡೆಸಿಕೊಡಬೇಕು. ಅರ್ಧಕ್ಕಿಂತ ಹೆಚ್ಚು ಜನ ಬೇಡ ಎಂದರೆ ಮಾತ್ರ ಅದು ಬೀಳುತ್ತದೆ. ಒಮ್ಮೆ ಒಬ್ಬ ಹುಡುಗ ಒಬ್ಬ ಹುಡುಗಿಯನ್ನು ಎಮ್ಮೆ ಎಂದಿದ್ದಕ್ಕೆ, ಒಂದು ವಾರ ದಿನಾ ಬೆಳಿಗ್ಗೆ ಎಲ್ಲರ ಮುಂದೆ ತನ್ನನ್ನು ಹೊಗಳಬೇಕು ಎಂದು ಅವಳು ಹೇಳಿದ್ದಳು. ಮೂರನೇ ದಿನಕ್ಕೆ ಅವನ ಸರಕು ಮುಗಿದು ಅವಳ ಚಪ್ಪಲಿಯನ್ನು ಹೊಗಳಿದ. ನನಗೆ ಏನು ಕಾದಿದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಹೆಚ್ಚೆಂದರೆ ಅವನ ಹತ್ತಿರ ಸುಳಿಯಬಾರದು ಎನ್ನುತ್ತಾನೆ. ಹಾಗೆಂದರೆ ಅಲ್ಲಿಗೆ ಅವನ ಓದಿನ ಕಥೆ ಮುಗಿದಂತೆ.

ಬುಗುರಿ ಬ್ಯಾಂಡೇಜಿನ ಅಂಚು ಎಳೆಯುತ್ತ ನೆಲ ನೋಡಿಕೊಂಡು ಹೇಳಿದ.

"ದಿನಾ ಊಟ ಆದ್ಮೇಲೆ ಅಕ್ಕ ನಂಗೆ ಓದೋದು ಹೇಳ್ಕೊಡ್ಬೇಕು. ಪೂರ್ತಿ ಬರೋ ತನಕ. ನಾನು ಓಡಿಹೋದ್ರೆ ಹಿಡ್ಕೊಂಡು ಬರ್ಬೇಕು. ಮೊಟಕಬಾರದು."

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ವಕೀಲೆ ಕನ್ನಡಕ ತೆಗೆದು ಒರೆಸಿದಳು, ಅವಳ ನಿಯಮಗಳಲ್ಲಿ ಇಂಥದಕ್ಕೆ ಉತ್ತರವಿರಲಿಲ್ಲ. ನಗದೇ ಇದ್ದವರು ಇಬ್ಬರು, ನಾನು ಮತ್ತು ದೊಡ್ಡಮ್ಮ. ಅವರು ಎದ್ದು ಬಂದು ಅವನ ಮುಂದೆ ಮಂಡಿಯೂರಿದರು.

"ಪುಟ್ಟಾ, ಇದು ನಿನ್ನ ಆಸೆನಾ, ಅಕ್ಕನ ಆಸೆನಾ?"

ಬುಗುರಿಯ ಮುಖ ಕೆಂಪಾಯಿತು. ಇಂಥ ಹೊತ್ತಲ್ಲಿ ಅವನು ಯಾವಾಗಲೂ ಓಡುತ್ತಾನೆ. ಬಾಗಿಲ ಕಡೆ ನೋಡಿದ, ಓಡಲಿಲ್ಲ.

"ಆವತ್ತೂ ಹಿಂಗೇ ಕೇಳಿದ್ರಿ."

"ಯಾವತ್ತು?"

"ನಾನು ಕೇಳಿದ್ನಲ್ಲ, ಅವತ್ತು. ನನ್ನ ಹಲ್ಲು ಬಿದ್ದಿತ್ತಲ್ಲ, ಆವಾಗ. ನೀವು ಬಣ್ಣದ ಕೋಣೇಲಿ ಇದ್ರಿ. ನಂಗೆ ಓದೋದು ಕಲಿಸಿ ಅಂದೆ. ಯಾಕೆ ಅಂದ್ರಿ. ಎಲ್ಲಾರಿಗೂ ಬರುತ್ತೆ ಅದಕ್ಕೆ ಅಂದೆ. ಅದು ಎಲ್ಲಾರ ಆಸೆ ಪುಟ್ಟಾ, ನಿನ್ನದಲ್ಲ ಅಂದ್ರಿ. ನಿನ್ನ ಆಸೆ ಒಳಗಿಂದ ಬರುತ್ತೆ, ಬಂದಾಗ ನಿಂಗೇ ಗೊತ್ತಾಗುತ್ತೆ, ಆವಾಗ ಬಾ ಅಂದ್ರಿ."

ಅವನ ಮುಂದಿನ ಹಲ್ಲು ಬಿದ್ದದ್ದು ಏಳನೇ ವಯಸ್ಸಿನಲ್ಲಿ. ಎಲ್ಲರೂ ಅದನ್ನು ಲೆಕ್ಕ ಹಾಕುತ್ತಿದ್ದರು ಎಂದು ಕಾಣುತ್ತದೆ, ಒಬ್ಬಿಬ್ಬರು ಬೆರಳು ಮಡಿಸುತ್ತಿದ್ದರು.

"ಆಮೇಲೆ?" ಎಂದಳು ವಕೀಲೆ. ಅವಳ ದನಿ ವಕೀಲೆಯದಾಗಿರಲಿಲ್ಲ.

"ಕಾದೆ. ದಿನಾ ಎದ್ದ ತಕ್ಷಣ ನೋಡ್ಕೊಳ್ತಿದ್ದೆ, ಬಂದಿದೆಯಾ ಅಂತ. ಬಂದಿದೆಯೋ ಇಲ್ವೋ ಗೊತ್ತಾಗ್ತಾನೇ ಇರ್ಲಿಲ್ಲ. ಆಮೇಲೆ ಯಾರಾದ್ರೂ ಬಂದಾಗ, ಇವನಿಗೆ ಓದೋಕೆ ಬರಲ್ಲ ಅಂತ ನೀವು ಖುಷಿಯಾಗಿ ಹೇಳ್ತಿದ್ರಿ. ಮತ್ತೆ ಕೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಾದೆ."

ದೊಡ್ಡಮ್ಮ ಅವನ ಭುಜದ ಮೇಲಿಟ್ಟ ಕೈ ಹಾಗೆಯೇ ಇತ್ತು. "ನಾನು ಹಾಗೆ ಹೇಳಿದ್ನಾ?" ಎಂದರು. ಅವರು ನಾಟಕವಾಡುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಆ ದಿನ ಅವರಿಗೆ ಹತ್ತರಲ್ಲಿ ಹನ್ನೊಂದನೆಯ ಮಾತು ಅದು. ಇವನು ಅದನ್ನು ಎರಡು ವರ್ಷ ಎದೆಯ ಮೇಲೆ ಹೊತ್ತು ತಿರುಗಿದ್ದ.

ನಾನು ಎದ್ದು ನಿಂತೆ. ಸರದಿ ಬರದೆ ಮಾತಾಡುವ ಹಾಗಿಲ್ಲ. ಸರದಿ ಹಾಳಾಗಿ ಹೋಗಲಿ.

"ಕೇಳಿದವರಿಗೆ ಕಲಿಸ್ತೀವಿ ಅಂತ ಬಾಗಿಲ ಮೇಲೆ ಬರೆದಿದೀರಲ್ಲ, ಅವನು ಕೇಳಿದ್ದ. ಏಳು ವರ್ಷದ ಮಗು ಬಂದು ಕಲಿಸಿ ಅಂತ ಕೇಳಿದ್ರೆ, ಕೇಳಿದ್ದು ಸರಿಯಾಗಿಲ್ಲ ಅಂತ ವಾಪಸ್ ಕಳಿಸಿದ್ರಿ. ನನ್ನ ಹಳೇ ಮೇಷ್ಟ್ರು ಸ್ಕೇಲಲ್ಲಿ ಹೊಡೀತಿದ್ರು, ನೀವು ಪ್ರಶ್ನೇಲಿ ಹೊಡೀತೀರಿ. ಅವರು ಹೊಡೆದ್ರೆ ಊತ ಆದ್ರೂ ಕಾಣ್ತಿತ್ತು. ಅಮ್ಮನಿಗೆ ತೋರಿಸಬಹುದಿತ್ತು."

ದೊಡ್ಡಮ್ಮನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಏನೋ ಪ್ರಶ್ನೆಯೇ ಬರುತ್ತಿತ್ತು. ಬರಲಿಲ್ಲ. ನಿಧಾನವಾಗಿ ಎದ್ದು ತಮ್ಮ ಜಾಗಕ್ಕೆ ಹೋಗಿ ಕೂತರು. ಅವರ ಮಂಡಿಗೆ ನೆಲದ ಧೂಳು ಹತ್ತಿತ್ತು, ಒರೆಸಿಕೊಳ್ಳಲಿಲ್ಲ.

ಪರಿಹಾರ ಬೇಡ ಎನ್ನುವವರು ಕೈ ಎತ್ತಿ ಎಂದಳು ವಕೀಲೆ. ದೊಡ್ಡಮ್ಮ ಕೈ ಎತ್ತಿದರು. "ಬಲವಂತವನ್ನ ಪರಿಹಾರ ಅಂತ ಒಪ್ಪೋಕೆ ನನ್ನಿಂದ ಆಗಲ್ಲ, ನನ್ನನ್ನ ಕ್ಷಮಿಸಿ" ಎಂದರು. ಅವರ ಜೊತೆ ಇನ್ನಿಬ್ಬರು ಜೊತೆಗಾರರು, ಇರುವೆ ಹೋಟೆಲಿನವರಲ್ಲಿ ಒಬ್ಬಳು. ಸುತ್ತಿಗೆ ಮಾಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತಿದ್ದ. ಅಷ್ಟೇ ಕೈಗಳು. ಪರಿಹಾರ ಬೀಳಲಿಲ್ಲ, ಉಳಿಯಿತು. ಮಕ್ಕಳೆಲ್ಲ ಹೋ ಎಂದು ಬುಗುರಿಯನ್ನು ಎತ್ತಿ ಕುಣಿಸಿದರು.

ಗೆದ್ದೆ ಎಂದು ನನಗೆ ಅನ್ನಿಸಲಿಲ್ಲ. ಎರಡು ವರ್ಷ ಒಬ್ಬ ಹುಡುಗ ದಿನಾ ಬೆಳಿಗ್ಗೆ ಎದ್ದು ತನ್ನೊಳಗೆ ಆಸೆ ಹುಟ್ಟಿದೆಯೋ ಇಲ್ಲವೋ ಎಂದು ತಡಕಾಡಿದ್ದಾನೆ. ನನ್ನ ಪಕ್ಕದ ಹಾಸಿಗೆಯಲ್ಲೇ ಎದ್ದವನು. ಇದನ್ನು ನೆನೆದರೆ ನನ್ನ ಸಿಟ್ಟು ಇಳಿಯುವ ಬದಲು ಏರುತ್ತಿತ್ತು. ಸಂಜೆ ಬಸ್ಸಿನಲ್ಲಿ ಅವನು ಕಿಟಕಿಯ ಹೊರಗೆ ನೋಡುತ್ತ ಅಂಗಡಿಗಳ ಬೋರ್ಡಿನಲ್ಲಿ ಉ ಹುಡುಕುತ್ತಿದ್ದ. ಸಿಕ್ಕಾಗ ನನ್ನ ಮೊಣಕೈ ತಿವಿಯುತ್ತಿದ್ದ. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಮರುದಿನ ಊಟವಾದ ಮೇಲೆ ಉಗ್ರಾಣದ ಹಿಂದೆ ಕೂತೆವು. ಈಗ ಕದ್ದುಮುಚ್ಚಿ ಏನಿಲ್ಲ, ಸಭೆಯ ಅಪ್ಪಣೆಯಿದೆ. ಸುತ್ತಿಗೆ ಮಾಮ ಹೇಳದೆ ಕೇಳದೆ ಬಂದು ಎರಡು ಕುರ್ಚಿಗಳ ಮುರಿದ ಕಾಲು ಸರಿಮಾಡಿ ಹೋಗಿದ್ದ. ಬುಗುರಿ ಒಂದು ಸಲವೂ ಓಡಲಿಲ್ಲ. ಪುಸ್ತ ಎಂದು ಓದಿ, ಆಮೇಲೆ ಕ ಸೇರಿಸಿ, ತಾನೇ ನಕ್ಕ. ಪುಸ್ತಕ ಮಡಿಲಲ್ಲಿತ್ತು, ಎಡಗೈ ಬೆರಳು ಅಕ್ಷರದ ಕೆಳಗೆ.

ನನ್ನಿಂದ ತಡೆಯಲಾಗಲಿಲ್ಲ. "ಅವರು ಹಾಗಂದಿದ್ದನ್ನ ನನಗ್ಯಾಕೆ ಹೇಳ್ಲಿಲ್ಲ? ಎರಡು ವರ್ಷ. ನಾನು ಇರ್ಲಿಲ್ವಾ ಮನೇಲಿ?"

ಅವನು ತಲೆ ಎತ್ತಲಿಲ್ಲ.

"ಹೇಳೋಣ ಅಂತ ನಿನ್ನ ಹತ್ರ ಬರ್ತಿದ್ದೆ ಅಕ್ಕ. ನೀನು ಯಾವಾಗ್ಲೂ ಸಿಟ್ಟಲ್ಲೇ ಇರ್ತಿದ್ದೆ."

ಹಾಗೇನಿಲ್ಲ ಎಂದು ಮೆತ್ತಗೆ ಹೇಳಬೇಕು ಎಂದುಕೊಂಡೇ ಬಾಯಿ ತೆರೆದೆ. ಹೊರಬಂದದ್ದು ಗದರಿಕೆ. ಬುಗುರಿ ಕಣ್ಣು ಮುಚ್ಚಿ ತೆರೆದ, ಮುಂದಿನ ಸಾಲಿಗೆ ಬೆರಳಿಟ್ಟ.